ಕಮಾನಿನಿಂದ ಇಳಿದ ಸುಣ್ಣ

ನಾನು ಇಪ್ಪತ್ತೈದು ವರ್ಷ ಕೆಲಸ ಮಾಡಿದ ಕಟ್ಟಡ ಹೆಬ್ಬಾಳದ ಮೇಲ್ಸೇತುವೆಯಿಂದ ಸ್ವಲ್ಪ ಒಳಗೆ, ಮರಗಳ ಹಿಂದೆ ಇತ್ತು. ಬೀಜ ಪರೀಕ್ಷೆ ಮಾಡುವ ಸಣ್ಣದೊಂದು ಪ್ರಯೋಗಾಲಯ. ರಾಗಿ, ತೊಗರಿ, ಅವರೆ, ಜೋಳ, ಯಾವ ಬೀಜ ಬಂದರೂ ನೂರು ಕಾಳು ಎಣಿಸಿ ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ ನಿಲ್ಲಿಸುವುದು, ವಾರ ಕಳೆದ ಮೇಲೆ ಬಿಚ್ಚಿ ಎಷ್ಟಕ್ಕೆ ಮೊಳಕೆ ಬಂತೆಂದು ಬರೆಯುವುದು. ಈ ಕೆಲಸಕ್ಕೆ ನಾವು ಇಬ್ಬರಿದ್ದೆವು. ನಾನು, ಮತ್ತು ನನಗಿಂತ ಆರು ವರ್ಷ ದೊಡ್ಡವರಾದ ಇನ್ನೊಬ್ಬ ಸಹಾಯಕಿ. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ.

ಅಕ್ಕ ಜಕ್ಕೂರಿನವರು. ಅವರ ಗಂಡನ ಮನೆಯವರದು ಹಳೆಯ ಊರಿನ ಒಕ್ಕಲು ಕುಟುಂಬ. ಹೊಲವಿದ್ದ ಕಡೆ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಕೆಲಸಕ್ಕೆ ಬರಲೇಬೇಕಾದ ಅಗತ್ಯ ಅವರಿಗಿರಲಿಲ್ಲ. "ಮನೇಲ್ ಕುಂತ್ರೆ ಕಾಲು ಇಡ್ಕತದೆ ಕಣಮ್ಮಾ, ಕಾಳು ನೋಡ್ದಿದ್ರೆ ನಂಗೆ ಆಗಾಕಿಲ್ಲ" ಎನ್ನುತ್ತಿದ್ದರು. ಕಾಳನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಉಜ್ಜಿದರೆ ಸಾಕು, ಇದು ಹೋದ ವರ್ಷದ್ದೋ ಈ ವರ್ಷದ್ದೋ ಹೇಳಿಬಿಡುತ್ತಿದ್ದರು. ನಾನು ಆರ್.ಟಿ. ನಗರದ ಹಳೆಯ ಲೇಔಟಿನಲ್ಲಿ ಅಮ್ಮನ ಜೊತೆ ಬಾಡಿಗೆ ಮನೆಯಲ್ಲಿದ್ದವಳು. ಪದವಿ ಓದಿದ್ದೆ, ಮದುವೆಯಾಗಿರಲಿಲ್ಲ. ಹೊಲವೆಂಬುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು.

ಬೀಜದ ಮಾದರಿಗಳನ್ನಿಡುವ ಕೋಣೆಗೆ ಹೋಗಲು ಕಿರಿದಾದ ಒಂದು ಪ್ಯಾಸೇಜು ದಾಟಬೇಕಿತ್ತು. ಕಲ್ಲಿನ ಗೋಡೆ. ಮೇಲೆ ಕಬ್ಬಿಣದ ತೊಲೆಗಳು, ತೊಲೆಯಿಂದ ತೊಲೆಗೆ ಇಟ್ಟಿಗೆಯ ಪುಟ್ಟ ಪುಟ್ಟ ಕಮಾನುಗಳು, ಅವುಗಳ ಮೇಲೆ ತಾರಸಿ. ಒಂದು ಮಧ್ಯಾಹ್ನ ಅಕ್ಕ ಅಲ್ಲಿಂದಲೇ ನನ್ನನ್ನು ಕೂಗಿದರು.

"ಬಾ ಇಲ್ಲಿ, ನೋಡು. ಮಾಳಿಗೆಗೆ ಅಲ್ಲು ಬತ್ತಾ ಐತೆ."

ತೊಲೆಯೂ ಇಟ್ಟಿಗೆಯೂ ಕೂಡುವ ಸಂದಿನಲ್ಲಿ ಅಕ್ಕಿಕಾಳಿನಷ್ಟು ಬಿಳಿಯ ಏನೋ ಒಂದು ಎಳೆಯ ಹಲ್ಲಿನ ಹಾಗೆ ಇಳಿಬಿದ್ದಿತ್ತು. ಅದರ ತುದಿಯಲ್ಲಿ ಒಂದು ಹನಿ. ನಾವಿಬ್ಬರೂ ಕತ್ತೆತ್ತಿ ಆ ಹನಿ ಬೀಳುವುದನ್ನೇ ಕಾದೆವು. ಅದು ಬೀಳಲೇ ಇಲ್ಲ. ಕತ್ತು ನೋವು ಬಂದು ಒಳಗೆ ಹೋದೆವು. ಸಂಜೆ ಹೊರಡುವಾಗ ನೋಡಿದರೆ ನೆಲದ ಮೇಲೆ ಒಂದು ಒದ್ದೆ ಚುಕ್ಕೆ ಇತ್ತು.

ಬೀಜದ ಕೋಣೆಯ ಹತ್ತಿರ ನೀರಿಳಿಯುವುದು ಒಳ್ಳೆಯದಲ್ಲವೆಂದು ಪತ್ರ ಬರೆದೆವು. ಎಷ್ಟೋ ತಿಂಗಳ ಮೇಲೆ ಒಬ್ಬ ಎಂಜಿನಿಯರ್ ಬಂದರು. ಟಾರ್ಚು ಬಿಟ್ಟು ನೋಡಿ ನಕ್ಕರು.

"ಈ ಬಿಲ್ಡಿಂಗಲ್ಲಿ ಸಿಮೆಂಟೇ ಇಲ್ಲ ಮೇಡಂ, ಪೂರ್ತಿ ಸುಣ್ಣದ ಗಾರೆ. ಮೇಲಿಂದ ನೀರು ಇಳೀವಾಗ ಗಾರೆಯಲ್ಲಿರೋ ಸುಣ್ಣನ ಕರಗಿಸ್ಕೊಂಡು ಬರುತ್ತೆ. ಇಲ್ಲಿ ಗಾಳಿ ತಗಲಿದ ಮೇಲೆ ಅದೇ ಸುಣ್ಣ ಕಲ್ಲಾಗಿ ನಿಲ್ಲುತ್ತೆ. ಗುಹೆಗಳಲ್ಲಿ ಆಗುತ್ತಲ್ಲ, ಹಾಗೇ. ಒಳಗೆ ಟೊಳ್ಳಿರುತ್ತೆ, ಎಳನೀರು ಕುಡಿಯೋ ಕೊಳವೆ ಥರ. ಮುಟ್ಟಿದ್ರೆ ಪುಡಿ."

"ಅಂಗಾದ್ರೆ ಮೇಲಿರೋ ಸುಣ್ಣ ಖಾಲಿ ಆಗ್ತಾ ಬತ್ತದಾ?" ಅಕ್ಕ ಕೇಳಿದರು.

"ಆಗುತ್ತೆ. ನಿಮ್ಮ ಸರ್ವೀಸ್ ಮುಗಿಯೋವರೆಗೂ ಏನೂ ಆಗಲ್ಲ ಬಿಡಿ."

ಅವರು ಏನನ್ನೋ ಬರೆದುಕೊಂಡು ಹೋದರು, ಆಮೇಲೆ ಬರಲಿಲ್ಲ. ನಾವು ಕೆಳಗೊಂದು ಎನಾಮಲ್ ತಟ್ಟೆ ಇಟ್ಟೆವು. ಬೆಳಿಗ್ಗೆ ಯಾರು ಮೊದಲು ಆ ಕಡೆ ಹೋಗುತ್ತಾರೋ ಅವರು ತಟ್ಟೆಯ ನೀರು ಚೆಲ್ಲಬೇಕು. ಇದನ್ನು ನಾವು ಮಾತಾಡಿ ನಿರ್ಧರಿಸಿದ್ದೇನಲ್ಲ, ತಾನಾಗಿ ಹಾಗೆ ಆಯಿತು. "ಯಾರೂ ಮುಟ್ಬಾರ್ದು, ಎಷ್ಟುದ್ದ ಬತ್ತದೋ ನೋಡಾಣ" ಎಂದು ಅಕ್ಕ ಅಂದಿದ್ದರು. ಅದು ಬೆಂಕಿಕಡ್ಡಿಯಷ್ಟಾದ ದಿನ ಮನೆಯಿಂದ ಹುರಿಗಡಲೆ ಉಂಡೆ ತಂದಿದ್ದರು.

ಆ ವರ್ಷಗಳನ್ನು ಈಗ ನೆನೆದರೆ ನನಗೆ ಕೇಳಿಸುವುದು ಅವರು ಮೊಳಕೆ ಎಣಿಸುವ ದನಿ. ಅವರು ಸುರುಳಿ ಬಿಚ್ಚಿ ಎಣಿಸಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. "ಎಂಬತ್ತಾರು. ಬರ್ಕೊ. ಇದ್ರಲ್ ಎಲ್ಡು ಕುಂಟು, ಬುಟ್ಬುಡು." ನಡುನಡುವೆ ಮನೆ ಸುದ್ದಿ, ಸೊಸೆ ಸುದ್ದಿ, ಕೆರೆ ಏರಿಯ ಮೇಲೆ ವಾಕಿಂಗ್ ಬರುವವರ ಸುದ್ದಿ. ಅವರೆ ಕಾಲದಲ್ಲಿ ಅವರ ಡಬ್ಬಿಯ ಹಿತಕಿದ ಬೇಳೆ ಸಾರು ನನ್ನ ಡಬ್ಬಿಗೆ ಬರುತ್ತಿತ್ತು. ನನ್ನೊಡನೆ 'ನೀನು' ಎಂದು ಮಾತಾಡುತ್ತಿದ್ದವರು ಆ ಕಚೇರಿಯಲ್ಲಿ ಅವರೊಬ್ಬರೇ. ಹೊರಗಿನ ಲೋಕದಲ್ಲಿ ಅಮ್ಮನೊಬ್ಬಳೇ.

ನನಗೆ ನಲವತ್ತೈದು ತುಂಬಿದ ವರ್ಷ ಅಕ್ಕ ಒಂದು ಸಂಬಂಧ ತಂದರು. ಅವರ ಗಂಡನ ಕಡೆಯವರು, ಶೆಟ್ಟಿಹಳ್ಳಿಯಲ್ಲಿ ಮನೆ, ಹೆಂಡತಿ ತೀರಿಕೊಂಡು ಮೂರು ವರ್ಷ, ಕಾಲೇಜಿಗೆ ಹೋಗುವ ಒಬ್ಬಳು ಮಗಳು.

"ಒಳ್ಳೆ ಮನ್ಸ ಕಣಮ್ಮಾ. ಜಾತಿಗೀತಿ ಅಂತ ನೋಡಾಕಿಲ್ಲ. ನಿಮ್ಮಮ್ಮ್ ಇರೋಗಂಟ ಸರಿ, ಆಮ್ಯಾಕೆ ನಿಂಗೆ ಯಾರವ್ರೆ ಏಳು?"

ಅವರು ಅದನ್ನು ಮೆಲ್ಲಗೆ, ಕಾಗದ ಬಿಚ್ಚುತ್ತಲೇ ಹೇಳಿದರು. ನನಗೆ ಯಾಕೆ ಅಷ್ಟು ಸಿಟ್ಟು ಬಂತೋ ಇಂದಿಗೂ ಸರಿಯಾಗಿ ಹೇಳಲಾರೆ. ನಿನಗೆ ಯಾರಿದ್ದಾರೆ ಎಂಬ ಮಾತನ್ನು ನಾನು ಒಳಗೊಳಗೇ ದಿನವೂ ಕೇಳಿಕೊಳ್ಳುತ್ತಿದ್ದವಳು. ಅದನ್ನು ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ಜಮೀನು ಮಾರ್ಕೊಂಡು ಕೂತು ತಿನ್ನೋರ ಮನೆಗೆ ಅಡುಗೆಯವಳಾಗಿ ಹೋಗೋ ಗತಿ ನಂಗಿನ್ನೂ ಬಂದಿಲ್ಲ. ನಿಮ್ಮ ಜನಕ್ಕೆ ಇದೆಲ್ಲಾ ಸರಿ ಇರಬಹುದು" ಎಂದೆ.

'ನಿಮ್ಮ ಜನ' ಎನ್ನುವಾಗ ನನ್ನ ದನಿ ಹೇಗಿತ್ತೆಂದು ನನಗೇ ಕೇಳಿಸಿತು. ಅಕ್ಕ ಕೈಯಲ್ಲಿದ್ದ ಸುರುಳಿಯನ್ನು ಪೂರ್ತಿ ಬಿಚ್ಚಿ ಎಣಿಸಿದರು. ಆದರೆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದು ಚೀಟಿಯ ಮೇಲೆ ಬರೆದು ನನ್ನ ಕಡೆ ಸರಿಸಿದರು.

ಮರುದಿನವೂ ಚೀಟಿ. ಅದರ ಮರುದಿನವೂ. ಮೊದಲ ವಾರ, ಅವರೇ ಮಾತಾಡಲಿ ಎಂದುಕೊಂಡೆ. ಎರಡನೆಯ ವಾರ ಕ್ಷಮೆ ಕೇಳಬೇಕೆಂದು ಮನೆಯಿಂದ ಮಾತು ಜೋಡಿಸಿಕೊಂಡು ಬಂದೆ. ಅವತ್ತು ಅವರು ರಜೆ ಹಾಕಿದ್ದರು. ಜೋಡಿಸಿದ ಮಾತು ಹಳಸಿತು. ತಿಂಗಳಾದ ಮೇಲೆ ಅದು ಕಚೇರಿಯ ಪದ್ಧತಿಯಂತೆಯೇ ಆಗಿಹೋಯಿತು. ಏನಾದರೂ ಹೇಳಲೇಬೇಕಾದಾಗ ಅಟೆಂಡರ್ ಎದುರಿಗೆ, "ಎರಡು ಗಂಟೆಗೆ ಸ್ಯಾಂಪಲ್ ಬರುತ್ತಂತೆ" ಎಂದು ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದೆವು. ಆತ ಮೊದಮೊದಲು ನಗುತ್ತಿದ್ದ. ಆಮೇಲೆ ಅವನಿಗೂ ರೂಢಿಯಾಯಿತು. ಊಟದ ಹೊತ್ತಿಗೆ ಅಕ್ಕ ಹೊರಗಿನ ಕಟ್ಟೆಗೆ ಹೋಗುತ್ತಿದ್ದರು, ನಾನು ಒಳಗೇ ಕೂರುತ್ತಿದ್ದೆ. ಹೀಗೆ ಒಂಬತ್ತು ವರ್ಷ ನಡೆಯಿತು. ಕೇಳಿದವರು ನಂಬುವುದಿಲ್ಲ. ಒಂದೇ ಮೇಜಿನ ಎರಡು ಬದಿಗೆ ಕೂತು ಒಂಬತ್ತು ವರ್ಷ.

ಪ್ಯಾಸೇಜಿನ ತಟ್ಟೆಯನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಅಕ್ಕನನ್ನು ಮಗ ಒಂಬತ್ತಕ್ಕೆ ಮುಂಚೆಯೇ ಕಾರಿನಲ್ಲಿ ಬಿಟ್ಟುಹೋಗುತ್ತಿದ್ದ. ನನ್ನ ಬಸ್ಸು ಹತ್ತಕ್ಕೆ. ಹಾಗಾಗಿ ಹೆಚ್ಚಿನ ದಿನ ತಟ್ಟೆ ಖಾಲಿಯಾಗಿಯೇ ಇರುತ್ತಿತ್ತು. ಅವರು ರಜೆ ಹಾಕಿದ ದಿನ ನಾನು ಚೆಲ್ಲುತ್ತಿದ್ದೆ. ತಟ್ಟೆಯ ತಳದಲ್ಲಿ ಕೆನೆಗಟ್ಟಿದಂತೆ ಬಿಳಿ ಪದರ ಕೂತಿತ್ತು, ಉಗುರಿಗೂ ಬರುತ್ತಿರಲಿಲ್ಲ. ಮೇಲಿನ ಕೊಳವೆ ಮೊದಲು ಕಿರುಬೆರಳಷ್ಟಾಯಿತು, ಆಮೇಲೆ ನಡುಬೆರಳಷ್ಟು. ಬಿಳಿಯಾದರೂ ಪೂರ್ತಿ ಬಿಳಿಯಲ್ಲ, ಹಳೆಯ ದಂತದ ಬಾಚಣಿಗೆಯ ಬಣ್ಣ. ಅದರ ಪಕ್ಕದಲ್ಲೇ ಇನ್ನೂ ಎರಡು ಮೂಡಿದ್ದವು, ಅವು ಬೆಳೆಯಲಿಲ್ಲ. ನಾನು ಮಧ್ಯಾಹ್ನದ ಹೊತ್ತು ಒಬ್ಬಳೇ ಅಲ್ಲಿ ಹೋಗಿ ನಿಲ್ಲುತ್ತಿದ್ದೆ. ಹನಿಯೊಂದು ತುದಿಗೆ ಬಂದು, ದಪ್ಪಗಾಗಿ, ಹೊರಗಿನ ಬೆಳಕನ್ನು ಒಳಗೆ ತಲೆಕೆಳಗು ಮಾಡಿ ತೋರಿಸುತ್ತಾ ನಿಂತಿರುತ್ತಿತ್ತು. ಅಕ್ಕನೂ ಬಂದು ನಿಲ್ಲುತ್ತಿದ್ದರೆಂದು ನನಗೆ ಗೊತ್ತಿತ್ತು. ಅವರ ಮುಡಿಯ ಕನಕಾಂಬರದ ಹೂವೊಂದು ಒಮ್ಮೊಮ್ಮೆ ಆ ತಟ್ಟೆಯ ಪಕ್ಕದಲ್ಲೇ ಉದುರಿ ಬಿದ್ದಿರುತ್ತಿತ್ತು.

ಒಮ್ಮೆ ಮೇಲಧಿಕಾರಿಗಳು ಬರುತ್ತಾರೆಂದು ಇಡೀ ಕಚೇರಿಗೆ ಸುಣ್ಣ ಬಣ್ಣ ಹೊಡೆಸಿದರು. ಬಣ್ಣದವನು ಉದ್ದ ಕೋಲಿಗೆ ಪೊರಕೆ ಕಟ್ಟಿ ಜೇಡರ ಬಲೆ ತೆಗೆಯುತ್ತಾ ಪ್ಯಾಸೇಜಿಗೆ ಬಂದ. ನಾನು ಈ ತುದಿಯಲ್ಲಿದ್ದೆ, ಅಕ್ಕ ಆ ತುದಿಯ ಬಾಗಿಲಲ್ಲಿದ್ದರು. ಪೊರಕೆ ಕಮಾನಿನ ಕಡೆ ಏರಿತು.

"ಬೇಡ!"

ಇಬ್ಬರೂ ಒಟ್ಟಿಗೇ ಕೂಗಿದ್ದೆವು. ಬಣ್ಣದವನು ಬೆಚ್ಚಿ ಕೋಲು ಇಳಿಸಿದ. "ಏನಮ್ಮಾ, ದೇವ್ರಾ ಅದು?" ಎಂದು ಕೇಳಿದ. ಅಕ್ಕ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅವರ ತುಟಿಯ ಮೇಲೆ ನಗು ಬಂದೇಬಿಟ್ಟಿತ್ತೆಂದು ಇಂದಿಗೂ ನನಗನಿಸುತ್ತದೆ. ನಾನು ಒಂದು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು. ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು, ಅವರು ತಿರುಗಿ ಹೋದರು.

ಅಮ್ಮ ತೀರಿಕೊಂಡದ್ದು ಅದರ ಮುಂದಿನ ಚಳಿಗಾಲ. ಮನೆಯಲ್ಲಿ ನೆಂಟರು ಕಡಿಮೆ. ಪಕ್ಕದ ಮನೆಯವರು ಕುರ್ಚಿಗಳನ್ನು ತಂದು ಅಂಗಳದಲ್ಲಿ ಹಾಕಿದ್ದರು. ಅಕ್ಕ ಬಂದರು. ಒಳಗೆ ಬಂದು ಅಮ್ಮನ ಪಾದ ಮುಟ್ಟಿ, ನನ್ನಿಂದ ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತರು. ಒಂದು ಗಂಟೆಗೂ ಹೆಚ್ಚು ಹೊತ್ತು ಕೂತಿದ್ದರು. ನಾನು ತಲೆಯೆತ್ತಲಿಲ್ಲ. ಅವರ ಸೀರೆಯ ಅಂಚು, ಅದರಾಚೆ ಅವರ ಕಾಲುಂಗುರ ಕಾಣುತ್ತಿತ್ತು. ಅವರು ಎದ್ದಾಗ ಏನಾದರೂ ಹೇಳುತ್ತಾರೆಂದು ಕಾದೆ. ಅವರೂ ಸ್ವಲ್ಪ ನಿಂತರು. ಆಮೇಲೆ ಚಪ್ಪಲಿ ಮೆಟ್ಟುವ ಸದ್ದು, ಗೇಟಿನ ಸದ್ದು. ಅವತ್ತು ಸಂಜೆ ಬಾಗಿಲ ಪಕ್ಕದಲ್ಲಿ ಒಂದು ಚೀಲ ಸಿಕ್ಕಿತು. ಅದರಲ್ಲಿ ಒಂದು ಕ್ಯಾರಿಯರ್ ಅನ್ನ ಸಾರು ಇತ್ತು. ತೊಳೆದ ಕ್ಯಾರಿಯರನ್ನು ಹದಿನೈದು ದಿನದ ಮೇಲೆ ಅವರ ಮೇಜಿನ ಮೇಲಿಟ್ಟೆ. ಸಂಜೆ ನೋಡಿದರೆ ಅದು ಅಲ್ಲಿರಲಿಲ್ಲ.

ಕೊರೊನಾ ಬಂದು ಕಚೇರಿ ಮುಚ್ಚಿದಾಗ ನಾನು ಆರ್.ಟಿ. ನಗರದ ಮನೆಯಲ್ಲಿ ಒಬ್ಬಳೇ ಇದ್ದೆ. ಹಾಲಿನವನನ್ನು ಬಿಟ್ಟರೆ ದಿನಗಟ್ಟಲೆ ಯಾರೊಡನೆಯೂ ಮಾತಿಲ್ಲ. ಹಾಗಿದ್ದಾಗ ಮಾತಾಡದೆಯೇ ಎದುರಿಗೆ ಕೂತಿರುತ್ತಿದ್ದ ಮನುಷ್ಯರು ಎಷ್ಟೋ ಮೇಲೆಂದು ಅನ್ನಿಸುತ್ತಿತ್ತು. ಕಚೇರಿ ತೆರೆದ ದಿನ ಮೊದಲು ಪ್ಯಾಸೇಜಿಗೆ ಹೋದೆ. ಕೊಳವೆ ಇತ್ತು, ಆದರೆ ತುದಿ ಒಣಗಿ ಮುಚ್ಚಿಕೊಂಡಂತಿತ್ತು. ಹನಿ ಇರಲಿಲ್ಲ. ಇನ್ನು ಇದರ ಕತೆ ಮುಗಿಯಿತು ಎಂದುಕೊಂಡೆ. ಎರಡು ಮೂರು ವಾರ ಕಳೆದ ಮೇಲೆ ಒಂದು ದಿನ ತುದಿ ಮತ್ತೆ ಹೊಳೆಯುತ್ತಿತ್ತು. ಮಳೆ ಶುರುವಾಗಿತ್ತಲ್ಲ, ಅದಕ್ಕೇ ಇರಬೇಕೆಂದು ಸುಮ್ಮನಾದೆ.

ಅಕ್ಕ ನಿವೃತ್ತರಾದ ದಿನ ಕಚೇರಿಯ ಸಭಾಂಗಣದಲ್ಲಿ ಸಣ್ಣ ಸಮಾರಂಭವಿತ್ತು. ಹಾರ, ಶಾಲು, ಹಣ್ಣಿನ ತಟ್ಟೆ. ಜೊತೆಯಲ್ಲಿ ಕೆಲಸ ಮಾಡಿದವರು ಎರಡು ಮಾತಾಡಬೇಕೆಂದು ಸಾಹೇಬರು ನನ್ನನ್ನು ಕರೆದರು. ನಾನು ಎದ್ದು ನಿಂತು, "ಇವರ ಕೈಯಲ್ಲಿ ಮೊಳಕೆ ಎಣಿಕೆ ಒಂದು ಸಲವೂ ತಪ್ಪಿಲ್ಲ" ಎಂದೆ. ಅಷ್ಟೇ. ಕೂತೆ. ಜನ ಚಪ್ಪಾಳೆ ತಟ್ಟಿದರು. ಅಕ್ಕ ಮಡಿಲಲ್ಲಿದ್ದ ಹಾರದ ಎಸಳು ಕೀಳುತ್ತಾ ತಲೆ ತಗ್ಗಿಸಿಕೊಂಡಿದ್ದರು.

ಅವರ ಜಾಗಕ್ಕೆ ಯಾರನ್ನೂ ಕೊಡಲಿಲ್ಲ. ನಾನೇ ಎಣಿಸಿ ನಾನೇ ಬರೆದುಕೊಳ್ಳತೊಡಗಿದೆ. ಎಣಿಸುವಾಗ ನಡುವೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ. ಅವರು ಹೋಗಿ ಎರಡು ವಾರ ಆಗಿರಬಹುದು, ಬೆಳಿಗ್ಗೆ ತಟ್ಟೆಯಲ್ಲಿ ನೀರಿರಲಿಲ್ಲ. ಮಾರನೆಯ ದಿನವೂ ಇರಲಿಲ್ಲ. ಕೊಳವೆ ಆ ಹೊತ್ತಿಗೆ ಗೇಣುದ್ದ ಇತ್ತು. ತುದಿ ಮಂಕಾಗಿ ಒಣಗಿತ್ತು. ಬೇಸಿಗೆ ಎಂದುಕೊಂಡೆ. ಆದರೆ ಅಷ್ಟು ವರ್ಷ ಬೇಸಿಗೆಯಲ್ಲೂ ಅದು ಹನಿದಿತ್ತು. ಮಳೆ ಬಂದಾಗ ಪ್ಯಾಸೇಜಿನ ಇನ್ನೊಂದು ಮೂಲೆ ಸೋರಿತು, ಅದೂ ಮಳೆ ನಿಂತ ಮೇಲೆ ನಿಂತಿತು. ಕೊಳವೆಯಿಂದ ಮಾತ್ರ ಏನೂ ಬರಲಿಲ್ಲ.

ಈ ಸುದ್ದಿಯನ್ನು ಯಾರಿಗೆ ಹೇಳುವುದು? ಅಟೆಂಡರ್‌ಗೆ ಹೇಳಿದೆ. "ಒಳ್ಳೇದೇ ಆಯ್ತಲ್ಲ ಮೇಡಂ, ಸೋರೋದು ನಿಂತ್ರೆ" ಎಂದ. ಅವನ ಮಾತೂ ನಿಜವೇ. ಇದು ಸುದ್ದಿ ಎಂದು ಅರ್ಥವಾಗುವ ಜೀವ ಈ ಊರಿನಲ್ಲಿ ಒಂದೇ ಒಂದಿತ್ತು. ಮೂರು ಭಾನುವಾರ ಮನಸ್ಸು ಮಾಡಿ ಬಿಟ್ಟು, ನಾಲ್ಕನೆಯ ಭಾನುವಾರ ಜಕ್ಕೂರಿನ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಾಲ್ಕು ಅಂತಸ್ತು, ಮೇಲೆಲ್ಲ ಬಾಡಿಗೆಯವರು, ಕೆಳಗೆ ಅವರು. ತಲೆಯ ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಗುಂಯ್‌ಗುಟ್ಟುತ್ತಾ ಸುತ್ತು ಹಾಕುತ್ತಿತ್ತು. ಬಾಗಿಲು ತೆಗೆದವರು ಅಕ್ಕನೇ. ನೈಟಿಯ ಮೇಲೆ ಟವೆಲ್ ಹೊದ್ದಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಚೇರಿಯಲ್ಲಿ ಬಣ್ಣ ಹಾಕುತ್ತಿದ್ದರೆಂದು ನನಗೆ ಅವತ್ತೇ ಗೊತ್ತಾದದ್ದು. ಅವರು ನನ್ನನ್ನು ಒಂದು ಕ್ಷಣ ನೋಡಿದರು.

"ಬನ್ನಿ, ಒಳಿಕ್ಕೆ ಬನ್ನಿ. ಕುಂತ್ಕಳಿ."

ಬನ್ನಿ. ನಾನು ಅವರಿಗೆ 'ನೀವು' ಆಗಿದ್ದೆ. ನಡುಮನೆಯಲ್ಲಿ ಟೀವಿ ಓಡುತ್ತಿತ್ತು, ಸೊಸೆ ಕಾಫಿ ತಂದುಕೊಟ್ಟು ಒಳಗೆ ಹೋದಳು. ನಾನು ಕಾಫಿ ಕುಡಿದು ಮುಗಿಸಿ, ಬಂದ ವಿಷಯ ಹೇಳಿದೆ.

"ಅಕ್ಕ, ಅದು ನಿಂತುಹೋಯ್ತು."

ಯಾವುದು ಎಂದು ಅವರು ಕೇಳಲಿಲ್ಲ. "ಮುರುದ್ಬುಟ್ರಾ?"

"ಇಲ್ಲ, ಹಾಗೇ ಇದೆ. ನೀರು ಬರ್ತಿಲ್ಲ. ನೀವು ಹೋಗಿ ಎರಡು ವಾರಕ್ಕೇ ನಿಂತಿತು."

ಅವರು ತಲೆಯೆತ್ತಿ ಸೂರು ನೋಡಿದರು. ಆಮೇಲೆ ತೊಡೆಗೆ ಕೈ ಬಡಿದು ನಕ್ಕರು. "ಅಯ್ಯೋ, ಗಿಡ! ಮಾಳಿಗೆ ಮ್ಯಾಲೆ ನಾನು ಕುಂಡ ಮಡ್ಗಿರ್ಲಿಲ್ವಾ? ಕನಕಾಂಬ್ರ, ದಾಸ್ವಾಳ, ಒಂದ್ ತುಳ್ಸಿ. ದಿನಾ ಬೆಳಿಗ್ಗೆ ಎಲ್ಡು ಬಕೀಟು ಆಕ್ತಿದ್ದೆ. ಕುಂಡ ಇದ್ದಿದ್ದು ಸರ್ಯಾಗ್ ಅದ್ರ ನೆತ್ತಿ ಮ್ಯಾಲೇಯ. ರಿಟೈರ್ ಆದಾಗ ಕುಂಡ ಎಲ್ಲಾ ಮಗುನ್ ಕಾರಲ್ ಆಕೊಂಬಂದೆ."

ಅಷ್ಟು ವರ್ಷ ಒಮ್ಮೆಯೂ ನಾನು ತಾರಸಿ ಹತ್ತಿರಲಿಲ್ಲ. ಅವರ ಮುಡಿಯ ಹೂವು ಜಕ್ಕೂರಿನ ಮನೆಯದೆಂದೇ ತಿಳಿದಿದ್ದೆ.

"ಗೊತ್ತಿದ್ದೇ ಹಾಕ್ತಿದ್ರಾ? ಅದು ಬೆಳೀಲಿ ಅಂತ?"

"ಇಲ್ಲಪ್ಪ. ಗಿಡಕ್ಕಾಕ್ತಿದ್ದೆ. ಕೆಳುಗ್ ಇಳೀತಿದ್ದಿದ್ದು ಇದೇಯ ಅಂತ ಈಗ ನೀವ್ ಏಳಿದ್ ಮ್ಯಾಕೆ ಒಳೀತಾ ಐತೆ. ಲಾಕ್‌ಡೌನಲ್ಲಿ ಎಲ್ಲಾ ಒಣ್ಗೋಗಿ, ಒಸ್ದಾಗಿ ತಂದಿಕ್ಕಿದ್ದೆ."

ನನಗಾಗಿ ಅಲ್ಲ, ಕೊಳವೆಗಾಗಿಯೂ ಅಲ್ಲ. ಗಿಡಕ್ಕೆ. ಬಸ್ಸಿನಲ್ಲಿ ಬರುವಾಗ, ಅವರು ಹೋದದ್ದಕ್ಕೇ ಅದು ನಿಂತಿತೆಂದು ನಾನು ಏನೇನೋ ಅಂದುಕೊಂಡಿದ್ದೆ, ಅದೆಲ್ಲ ಅಲ್ಲೇ ಕುಸಿಯಿತು. ಆದರೂ ಬಂದದ್ದು ಬಂದಾಗಿತ್ತು.

"ಅಕ್ಕ, ಅವತ್ತು ನಾನು ಆಡಿದ ಮಾತು…"

"ಬುಡಿ ಅದ್ನ." ಅವರು ಟೀವಿಯ ಸದ್ದು ತಗ್ಗಿಸಿದರು. "ಬೇಜಾರಾಗಿತ್ತು, ಸುಳ್ಯಾಕೆ. ಒಂದ್ ವಾರ ಮಾತಾಡ್ಬಾರ್ದು ಅನ್ಕಂಡಿದ್ದೆ, ಒಂದೇ ವಾರ. ಆಮ್ಯಾಕೆ ಎಂಗ್ ಶುರು ಮಾಡೋದು ಅಂತ್ಲೇ ಗೊತ್ತಾಗ್ನಿಲ್ಲ. ನಿಮ್ಮಮ್ಮ ಓದಾಗ ಮಾತಾಡ್ಬೇಕು ಅಂತ್ಲೇ ಬಂದಿದ್ದೆ. ನೀವು ತಲೆ ಎತ್ನಿಲ್ಲ."

"ನೀವು ಮಾತಾಡ್ತೀರ ಅಂತ ಕಾಯ್ತಿದ್ದೆ."

"ನಾನೂ ಅಂಗೇಯ."

ಇಬ್ಬರೂ ಸುಮ್ಮನೆ ಕೂತೆವು. ಸುಮ್ಮನೆ ಕೂರುವುದು ನಮಗೆ ಚೆನ್ನಾಗಿ ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು, ಶೆಟ್ಟಿಹಳ್ಳಿಯವರಿಗೆ ಆಮೇಲೆ ಬೇರೆ ಮದುವೆಯಾಯಿತು, ಚೆನ್ನಾಗಿದ್ದಾರೆ, ಮಗಳಿಗೂ ಮದುವೆಯಾಗಿದೆ ಎಂದು. ನಾನು "ಒಳ್ಳೇದಾಯ್ತು" ಎಂದೆ. ಆ ಮನುಷ್ಯನನ್ನು ನಾನು ನೋಡಿಯೂ ಇರಲಿಲ್ಲ.

ಬಸ್‌ಸ್ಟಾಪಿನವರೆಗೆ ಜೊತೆಗೆ ಬಂದರು. ದಾರಿಯುದ್ದಕ್ಕೂ ಮಂಡಿನೋವಿನ ಮಾತು, ಮಾತ್ರೆಯ ಮಾತು. "ಬತ್ತಾ ಇರಿ" ಎಂದರು. "ಬರ್ತೀನಿ ಅಕ್ಕ" ಎಂದೆ. ಬಸ್ಸು ಹೊರಡುವಷ್ಟರಲ್ಲಿ ಅವರು ಸೊಪ್ಪಿನವಳೊಡನೆ ದಂಟಿನ ಕಟ್ಟು ತಿರುಗಿಸಿ ನೋಡುತ್ತಾ ಮಾತಿಗಿಳಿದಿದ್ದರು.

ಮರುದಿನ ಮೊದಲ ಸಲ ತಾರಸಿ ಹತ್ತಿದೆ. ಕುಂಡಗಳಿದ್ದ ಕಡೆ ದುಂಡಗಿನ ಕಂದು ಗುರುತುಗಳಿದ್ದವು. ಒಂದು ಬಕೆಟ್ ನೀರು ಹಾಕಿದೆ. ಇನ್ನೊಂದು ವಾರ ದಿನವೂ ಹಾಕಿದೆ. ನೀರು ಮೋರಿಯ ಕಡೆ ಹರಿದುಹೋಯಿತು. ಕುಂಡದ ಮಣ್ಣಿನಲ್ಲಿ ನಿಂತು ನಿಧಾನವಾಗಿ ಇಳಿಯುವ ನೀರಿಗೂ, ಹೀಗೆ ಸುರಿದ ನೀರಿಗೂ ವ್ಯತ್ಯಾಸವಿದೆಯೇನೋ. ನನ್ನ ಮಂಡಿಯೂ ಸಹಕರಿಸಲಿಲ್ಲ. ಬಿಟ್ಟೆ. ಆ ವರ್ಷದ ಕೊನೆಗೆ ನಮ್ಮನ್ನು ಹೊಸ ಬ್ಲಾಕಿಗೆ ಸಾಗಿಸಿದರು. ಹಳೆಯ ಕಟ್ಟಡಕ್ಕೆ ಬೀಗ ಬಿದ್ದಿದೆ. ರಿಪೇರಿ ಮಾಡುತ್ತಾರೆಂದು ಕೆಲವರು, ಕೆಡವುತ್ತಾರೆಂದು ಕೆಲವರು ಹೇಳುತ್ತಾರೆ.

ಹೋದ ತಿಂಗಳು ಅಕ್ಕನ ಮನೆಯಲ್ಲಿ ಮೊಮ್ಮಗಳ ನಾಮಕರಣ. ಫೋನು ಮಾಡಿ ಕರೆದರು, ಹೋದೆ. ಯಲಹಂಕದ ಕಡೆ ಒಂದು ದೊಡ್ಡ ಛತ್ರ, ತುಂಬ ಜನ. ಅಕ್ಕ ರೇಷ್ಮೆ ಸೀರೆಯುಟ್ಟು ಓಡಾಡುತ್ತಿದ್ದರು. ನನ್ನನ್ನು ಕಂಡು ಕೈ ಹಿಡಿದು, ನಾಲ್ಕಾರು ಹೆಂಗಸರ ಮುಂದೆ ನಿಲ್ಲಿಸಿ, "ಇವ್ರು ನಮ್ ಆಪೀಸ್ನೋರು" ಎಂದರು. ಅವರೆಲ್ಲ ನಮಸ್ಕಾರ ಎಂದರು. ಅಷ್ಟರಲ್ಲಿ ಬೇರೆ ಯಾರೋ ಬಂದರು, ಅಕ್ಕ ಅತ್ತ ಹೋದರು. ಊಟದ ಪಂಕ್ತಿಯಲ್ಲಿ ನನ್ನ ಒಂದು ಪಕ್ಕ ಕುರ್ಚಿ ಖಾಲಿ ಇತ್ತು, ಇನ್ನೊಂದು ಪಕ್ಕದವರು ಫೋನಿನಲ್ಲಿದ್ದರು. ಮಧ್ಯದಲ್ಲೊಮ್ಮೆ ಅಕ್ಕ ಬಡಿಸುವವನ ಹಿಂದೆಯೇ ಬಂದು, ನಾನು ಸಾಕೆಂದರೂ ಕೇಳದೆ, ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ ತುಪ್ಪ ಬಿಡಿಸಿ ಮುಂದಿನ ಸಾಲಿಗೆ ನಡೆದರು. ನಾನು ಅದನ್ನು ಪೂರ್ತಿ ತಿಂದೆ. ಕೈ ತೊಳೆದು, ಹೇಳಿ ಹೊರಡೋಣವೆಂದು ಹುಡುಕಿದೆ. ಅವರು ಫೋಟೋಕ್ಕೆ ನಿಂತ ದೊಡ್ಡ ಗುಂಪಿನ ನಡುವೆ ಇದ್ದರು. ಸ್ವಲ್ಪ ಹೊತ್ತು ನಿಂತು ನೋಡಿ, ಮೆಟ್ಟಿಲಿಳಿದು ಬಸ್ಸಿಗೆ ಬಂದೆ.